ಬಿಗಿತದ ಲೆಕ್ಕ

ಸಂಜೆ ಆರಕ್ಕೆ ಪಾಠ.
ವಿಸ್ಕಾನ್ಸಿನ್ನಿನ ಹಿಮ ಬೂಟಿಗಂಟಿ ಒಳಬಂದು
ಕಾಲೇಜಿನ ಶೆಡ್ಡಿನ ಸಿಮೆಂಟಿನ ಮೇಲೆ
ಕಪ್ಪು ನೀರಾಗಿ ಹರಡುತ್ತದೆ.
ಹನ್ನೊಂದು ಮಂದಿ. ಹತ್ತು ಹುಡುಗರು,
ಹನ್ನೊಂದನೆಯವಳು ಕೊಲೀನ್, ಅಂದರೆ ನಾನು,
ಐವತ್ತೆರಡು ತುಂಬಿದವಳು, ಓದುವ ಕನ್ನಡಕದ ಮೇಲೆ
ಕಣ್ಣು ಕಾಯುವ ಇನ್ನೊಂದು ಕನ್ನಡಕ ಏರಿಸಿಕೊಂಡವಳು.

ಹತ್ತೊಂಬತ್ತು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದೆ.
ಅಷ್ಟೂ ವರ್ಷ ಮೇಲೆ ಕೂತಿದ್ದೆ,
ಒಂದು ದಿನವೂ ಬಗ್ಗಿ ಕೆಳಗೆ ನೋಡಲಿಲ್ಲ.
ಹದಿನಾಲ್ಕನೇ ಮಾರ್ಗ ರದ್ದು ಮಾಡಿ
ಮೇಲಿನವರು ಕೇಕು ಕತ್ತರಿಸಿ ಕಳಿಸಿಕೊಟ್ಟರು.
ಕೇಕಿನ ಮೇಲೊಂದು ಬಸ್ಸು. ಚಕ್ರಗಳು ಚಾಕಲೇಟಿನವು.

ಈಗ ಲಿಫ್ಟು ಗುರುಗುಟ್ಟುತ್ತ ಏರುತ್ತದೆ.
ಯಾರೋ ದಾನ ಕೊಟ್ಟ ಮುದಿ ಕಾರು ತಲೆಯ ಮೇಲೆ ನಿಂತು
ಅಂಗಿ ಎತ್ತಿದ ರೋಗಿಯ ಹಾಗೆ ಹೊಟ್ಟೆ ತೋರಿಸುತ್ತದೆ.
ಬ್ರೇಕಿನ ಕೊಳವೆ ಮುಟ್ಟಿದರೆ ಪದರ ಪದರ ಉದುರುತ್ತದೆ.
ಚಳಿಗಾಲದ ರಸ್ತೆಗೆ ಸುರಿದದ್ದನ್ನೆಲ್ಲ ತಿಂದಿದೆ ಪಾಪ.
ಉಪ್ಪು ತಿಂದವರು ನೀರು ಕುಡಿಯುತ್ತಾರೆ,
ಇದು ಕುಡಿದದ್ದು ತುಕ್ಕು.

ಗಾರ್ಡಿ ಮೇಷ್ಟ್ರ ಉಂಗುರದ ಬೆರಳು ಅರ್ಧ ಮಾತ್ರ,
ಉಳಿದರ್ಧ ಹಿಂದೆಂದೋ ಫ್ಯಾನ್ ಬೆಲ್ಟಿನ ಪಾಲು.
"ಎಣ್ಣೆ ಬಿಡು. ಕಾಯಿ. ಆಮೇಲೆ ಕೇಳಿ ನೋಡು,
ಬರುತ್ತೇನೋ ಇಲ್ಲವೋ ಅದೇ ಹೇಳುತ್ತದೆ."
ನಾನು ಕಾಯಲಿಲ್ಲ. ಬೋಲ್ಟಿನ ಕುತ್ತಿಗೆ ಮುರಿಯಿತು.
ಆ ರಾತ್ರಿ ಬಹಳ ಹೊತ್ತು ಕಾರಿನಲ್ಲೇ ಕೂತಿದ್ದೆ.
ಅಳುತ್ತಿರಲಿಲ್ಲ. ಹೀಟರು ಬಿಸಿಯಾಗಲಿ ಅಂತ.

ನನ್ನ ಬೆಂಚಿನ ಜೊತೆಗಾರ ಟೆಂಗ್ ಮುವಾ.
ಮೂರು ವಾರ ಪಕ್ಕದಲ್ಲೇ ನಿಂತರೂ ಗುರುತು ಹತ್ತಲಿಲ್ಲ.
ಒಂದು ಸಂಜೆ ಬ್ರೇಕ್ ಡ್ರಮ್ಮಿನ ಆಚೆಯಿಂದ ಮುಖ ಎತ್ತಿದ,
ಹಣೆ, ಕಣ್ಣು, ಅಷ್ಟೇ,
ಬಸ್ಸಿನ ಉದ್ದ ಕನ್ನಡಿಯಲ್ಲಿ ಕಾಣುತ್ತಿದ್ದಷ್ಟೇ.
"ಒಂಬತ್ತನೇ ಸೀಟು, ಬಲಗಡೆ!" ಅಂದೆ.
"ನನಗೆ ಮೊದಲ ದಿನವೇ ಗೊತ್ತಿತ್ತು" ಅಂದ.

ಜಿನ್ಸೆಂಗ್ ತೋಟದ ತಿರುವಿನಲ್ಲಿ ಹತ್ತುತ್ತಿದ್ದ.
ಅವನಮ್ಮ ಮಣ್ಣುಗೈ ಎತ್ತಿ ಬೀಸುತ್ತಿದ್ದದ್ದು ನನಗೆ.
ಎರಡನೇ ಕ್ಲಾಸಿನ ಇಡೀ ವರ್ಷ ತುಟಿ ಬಿಚ್ಚದೆ
ಕಿಟಕಿಯ ಗಾಜಿಗೆ ಕಿವಿಯೊತ್ತಿ ಕೂರುತ್ತಿದ್ದ ಹುಡುಗ.
ನಿದ್ದೆ ಅಂದುಕೊಂಡಿದ್ದೆ.

ನಿದ್ದೆಯಲ್ಲವಂತೆ.
ಹಿಂದಿನ ಬಲಗಾಲಿಯ ಬೇರಿಂಗು
ನಲವತ್ತು ಮುಟ್ಟಿದರೆ ಗುಂಯ್ ಅನ್ನುತ್ತಿತ್ತಂತೆ,
ಎಡಕ್ಕೆ ತಿರುಗಿದಾಗ ಜೋರು, ಬಲಕ್ಕೆ ಮೆತ್ತಗೆ.
"ಹೇಳಬಹುದಿತ್ತಲ್ಲೋ?"
"ಬೇರಿಂಗು ಅನ್ನುವ ಪದ ಆಗ ನನ್ನ ಹತ್ತಿರ ಇರಲಿಲ್ಲ."

ಸ್ಟೆತಸ್ಕೋಪು ತೆಗೆದು ನನ್ನ ಕಿವಿಗೆ ಸಿಕ್ಕಿಸಿದ.
ಉಕ್ಕಿನ ಕಡ್ಡಿ ಇಟ್ಟು "ಇಲ್ಲಿ" ಅಂದ. ಏನೂ ಇಲ್ಲ.
"ಇಲ್ಲಿ." ಊಹೂಂ.
ಅರವತ್ತು ಮಕ್ಕಳ ಕೂಗಾಟದ ನಡುವೆ
ಬಿಕ್ಕುವ ಒಂದನ್ನು ಹೆಕ್ಕಿ ತೆಗೆಯುತ್ತಿದ್ದ ಕಿವಿ ಇದು,
ಸುಮ್ಮನಿದ್ದವರನ್ನು ಕೇಳಿಸಿಕೊಳ್ಳಲು ಕಲಿತಿರಲಿಲ್ಲ.
ನಾಲ್ಕನೇ ಸಲ, ಇಂಜಿನ್ನಿನ ಗದ್ದಲದ ತಳದಲ್ಲಿ,
ಡಬ್ಬಿಯಲ್ಲಿ ಒಣಬೀಜ ಅಲ್ಲಾಡಿದಷ್ಟು ಸಣ್ಣಗೆ...
"ನೀರಿನ ಪಂಪು!"
ಮೇಷ್ಟ್ರು ಅರ್ಧ ಬೆರಳು ಎತ್ತಿ ಹೌದೆಂದರು.

ಪರೀಕ್ಷೆಯ ದಿನ ಚಕ್ರಕ್ಕೆ ಐದು ನಟ್ಟು,
ನಕ್ಷತ್ರ ಬರೆವ ಹಾಗೆ ಒಂದು ಬಿಟ್ಟು ಒಂದು.
ಟಾರ್ಕ್ ರೆಂಚು ನೂರಕ್ಕೆ ಕಟ್ಟಿದೆ, ಎಳೆದೆ.
ಟಕ್.
ಸಾಕು, ಇನ್ನು ಬಿಡು, ಅಂತ ಹೇಳಿದ್ದು
ಇಷ್ಟು ವರ್ಷದಲ್ಲಿ ಇದೊಂದೇ ಉಪಕರಣ.
ಐದು ಸಲ ಹೇಳಿಸಿಕೊಂಡೆ.

ಹೊರಗೆ ಮೈನಸ್ ಹದಿನೆಂಟು. ಟೆಂಗನ ಬ್ಯಾಟರಿ ಸತ್ತಿತ್ತು.
ಇಬ್ಬರೂ ನಕ್ಕೆವು, ಹೊಗೆ ಹೊಗೆಯಾಗಿ.
"ನಡಿ, ಬಿಡುತ್ತೇನೆ" ಅಂದೆ.
ಮುಂದಿನ ಸೀಟಿನಲ್ಲಿ ನನ್ನ ಹತ್ಯಾರಿನ ಪೆಟ್ಟಿಗೆ,
ಅವನು ಹಿಂದೆ ಕೂತ, ಬಲಗಡೆ.
ಮುಳ್ಳು ನಲವತ್ತು ಮುಟ್ಟಿದಾಗ ಕನ್ನಡಿ ನೋಡಿದೆ.
ಗಾಜಿಗೆ ಕಿವಿ.
"ಏನಾದರೂ?"
"ಮುಂದಿನ ಎಡದ್ದು," ಅಂದ.
"ಇನ್ನೊಂದು ಚಳಿಗಾಲ ತಡೆಯುತ್ತೆ."