ಎತ್ತಿಟ್ಟ ಕ್ಲಿಪ್ಪು

ಮಂಡ್ಯದ ಪೇಟೆಬೀದಿಯಲ್ಲಿ ಒಂದು ಬಾಗಿಲಿನಷ್ಟೇ ಅಗಲ ನನ್ನ ಅಂಗಡಿ.
ಕೂತರೆ ಮಂಡಿ ಬೀದಿಗೆ ಚಾಚುತ್ತದೆ,
ಎದ್ದರೆ ತೂಗುಬಿಟ್ಟ ಜುಮುಕಿಗಳು
ನನ್ನ ಕಿವಿ ಹುಡುಕುತ್ತವೆ.

ಕಾಲ ನನಗೆ ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತದೆ.
ಜೂನಿಗೆ ರಿಬ್ಬನ್ನು, ಶಾಲೆಗೊಂದು ಬಣ್ಣ.
ಆಷಾಢವೆಲ್ಲ ಧೂಳು ಒರೆಸುವ ಕೆಲಸ.
ಶ್ರಾವಣ ಹುಟ್ಟಿದ್ದೇ ತಡ
ವರಮಹಾಲಕ್ಷ್ಮಿಯ ಮುಖವಾಡಕ್ಕೆ ಬೆರಳುದ್ದದ ಜಡೆ,
ಸಾಸಿವೆಯಷ್ಟು ಮೂಗುತಿ;
ದೇವಿಗೂ ಒಂದು ಗ್ರಾಮಿನ ಚಿನ್ನವೇ,
ದೇವಿಯ ಹೆಸರಲ್ಲೂ ಚೌಕಾಸಿಯೇ.
ದಸರೆಗೆ ಮೈಸೂರಿಗೆ ಹೊರಟವರಿಗೆ
ಕತ್ತಲಲ್ಲಿ ಮಿಣುಕುವ ಹೇರ್‌ಬ್ಯಾಂಡು.

"ಕಪ್ಪಾಗ್ತದಾ ಅಕ್ಕ?" ಎಲ್ಲರದೂ ಅದೇ ಪ್ರಶ್ನೆ.
ಬೆವರಿಗೆ ತೋರಿಸಬೇಡ, ಸೆಂಟಿಗೆ ತೋರಿಸಬೇಡ,
ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಕೋಟು ಹೊಡೆ.
ಮೂರು ಮದುವೆಗೆ ಗ್ಯಾರಂಟಿ.
ನಾಲ್ಕನೆಯದರ ಹೊತ್ತಿಗೆ ಫ್ಯಾಷನ್ನೇ ಬದಲಾಗಿರುತ್ತದೆ.

ಈ ವರ್ಷ ಎಲ್ಲರಿಗೂ ಏಡಿ ಕ್ಲಿಪ್ಪೇ ಬೇಕು.
ಸಂಬಳದ ಸಂಜೆ ಗೆಜ್ಜಲಗೆರೆಯ ಗಾರ್ಮೆಂಟ್ಸ್ ಹುಡುಗಿಯರು
ವ್ಯಾನಿನಿಂದ ಇಳಿದವರೇ ಮೊಬೈಲನ್ನು ನನ್ನ ಮೂಗಿಗೆ ಹಿಡಿದರು:
"ಅಕ್ಕೋ, ಇಂಥದೇ ಐತಾ?
ಕಾಫಿಗೆ ಹಾಲು ಜಾಸ್ತಿ ಆದಂಗಿರೋ ಬಣ್ಣ."
ಅಟ್ಟ ಹತ್ತಿದೆ.
ಅಮ್ಮನ ಕಾಲದಲ್ಲಿ ಮಾರಾಟವಾಗದೆ ಉಳಿದ ಡಬ್ಬ ಇಳಿಸಿ
ಜೇಡರ ಬಲೆ ಊದಿ, ಹೊಸ ಮಾಲು ಎಂದೆ.
ಪೂರಾ ಸುಳ್ಳೇನಲ್ಲ.
ಇಪ್ಪತ್ತು ವರ್ಷ ಹಲ್ಲು ಕಚ್ಚಿಕೊಂಡು ಕಾದಿದ್ದವು ಅವು.

ಅವರಲ್ಲೊಬ್ಬಳು ಮಂಗಳಗೌರಿ, ಕಾಲರು ಹೊಲಿಯುವವಳು.
ಭೀಮನ ಅಮಾವಾಸ್ಯೆ ಕಳೆದ ವಾರ
ಮಗಳು ಮನ್ವಿತಾಳ ಕೈ ಹಿಡಿದು ಬಂದಳು.
ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟ ತಲೆ,
ಗಂಧ ಇನ್ನೂ ಕಿವಿಯ ಹಿಂದೆ ಒಣಗಿತ್ತು.
ಮಗು ನೋಡಿದ್ದು ನೀಲಿ ಚಿಟ್ಟೆಯ ಕ್ಲಿಪ್ಪು,
ಸ್ಪ್ರಿಂಗಿನ ಮೇಲೆ ರೆಕ್ಕೆ, ಇಪ್ಪತ್ತು ರೂಪಾಯಿ.

"ಎಲ್ಲಿಗೆ ಸಿಕ್ಕಿಸ್ಕತೀಯವ್ವ, ಗಾಳಿಗಾ?" ಅಂದಳು ತಾಯಿ.

ಮಗು ಅಳಲಿಲ್ಲ.
ಚಿಟ್ಟೆಯನ್ನು ಅಂಗೈಲಿಟ್ಟು ಊದಿತು,
ರೆಕ್ಕೆ ನಡುಗುವುದು ನಿಲ್ಲುವ ತನಕ ನೋಡಿತು,
ಆಮೇಲೆ ಐದು ರೂಪಾಯಿಯ ಬಿಲ್ಲೆ ನನ್ನ ಮುಂದಿಟ್ಟು
"ಎತ್ತಿಟ್ಟಿರಿ. ಮಿಕ್ಕಿದ್ದು ಕೂದ್ಲು ಬಂದ್ಮೇಲೆ."

ಬೆಂಕಿಪೊಟ್ಟಣದ ಬೆನ್ನಿಗೆ ಹೆಸರು ಬರೆದು ಎತ್ತಿಟ್ಟೆ.
ಶ್ರಾವಣದಲ್ಲಿ ಯಾರೋ ಕೇಳಿದರು, ಮಾರಾಟವಾಗಿದೆ ಎಂದೆ.
ದಸರೆಯಲ್ಲಿ ಒಬ್ಬಳು ಐವತ್ತು ಕೊಡುತ್ತೇನೆಂದಳು,
ಬಾಯಿ ನೀರೂರಿತು, ಮುಚ್ಚಿಕೊಂಡೆ.
ಚಿಟ್ಟೆ ಹೋಯಿತು, ಬೋ ಬಂತು.
ಬೋ ಹೋಯಿತು, ಮುತ್ತಿನ ಪಿನ್ನು ಬಂತು.
ಪೊಟ್ಟಣದ ತಳಕ್ಕೆ ನೀಲಿ ಪುಡಿ
ದಿನಕ್ಕಿಷ್ಟು ಉದುರುತ್ತಿತ್ತು.

ಸಂಕ್ರಾಂತಿಯ ಹಿಂದಿನ ದಿನ, ಕಬ್ಬಿನ ಜಲ್ಲೆ ಎಳೆದುಕೊಂಡು
ಅವಳು ಬಂದಳು. ತಲೆ ತುಂಬ ಹೊಸ ರಾಗಿ ಪೈರಿನಂಥ ಕೂದಲು.
ನಾನು ಕಳ್ಳಮಾಲು ತೆಗೆದಂತೆ ಪೊಟ್ಟಣ ತೆರೆದೆ.
ಅವಳು ಬಗ್ಗಿ ನೋಡಿ,
"ಅದು ಚಿಕ್ ಮಕ್ಳುದು ಕನಕ್ಕ.
ಅವ್ವುಂದರಂಥದು ಕೊಡಿ."

ಇರುವುದರಲ್ಲೇ ಸಣ್ಣ ಏಡಿಯನ್ನು ಕೊಟ್ಟೆ.
ಐದು ಜಮಾ, ಹದಿನೈದು ಕೈಗೆ.
ಆ ಕೂದಲಿಗೆ ಅದು ನಿಲ್ಲಬೇಕಲ್ಲ?
ಬಿಟ್ಟರೆ ಜಾರುತ್ತದೆಂದು
ಒಂದು ಕೈ ತಲೆ ಮೇಲಿಟ್ಟು, ಒಂದು ಕೈಯಲ್ಲಿ ಕಬ್ಬು ಹಿಡಿದು
ಪೇಟೆಬೀದಿಯುದ್ದಕ್ಕೂ ಕತ್ತು ಅಲುಗಿಸದೆ ನಡೆದಳು.

ರಾತ್ರಿ ಷಟರ್ ಎಳೆದು ಬೀಗ ಹಾಕುವಾಗ
ಟೀ ಅಂಗಡಿಯ ನಂಜಪ್ಪ ಕೂಗಿದ:
"ಏನ್ ದೇವೀರಮ್ಮಾರೇ, ತಲೆ ಮೇಲೆ ಚಿಟ್ಟೆ ಕೂತದೆ!"
ಯಾವಾಗ ಸಿಕ್ಕಿಸಿಕೊಂಡೆನೋ.
ತೆಗೆಯಲು ಕೈ ಎತ್ತಿದೆ,
ನರೆಗೂದಲಲ್ಲಿ ಸ್ಪ್ರಿಂಗು ಸಿಕ್ಕಿಕೊಂಡಿತ್ತು.
ಮನೆಗೆ ಹೋಗಿ ಬಿಡಿಸಿಕೊಂಡರಾಯಿತು ಅಂತ ಹಾಗೇ ಬಸ್ಸು ಹತ್ತಿದೆ.
ಹಳ್ಳ ಸಿಕ್ಕಾಗಲೆಲ್ಲ
ಅದು ಅಲುಗುವುದು ಗೊತ್ತಾಗುತ್ತಿತ್ತು.