ಇಪ್ಪತ್ತನಾಲ್ಕು, ನಲವತ್ತೆರಡು

ಸೊಹಾರಿನ ಬಂದರಿನಲ್ಲಿ ವೌಟರನ ಇಂಗ್ಲಿಷಿಗೆ
ಒಂದು ಸುಕ್ಕಿಲ್ಲ.
ಬೆಳಗಿನ ಐದಕ್ಕೇ ಧಗೆ ಏರುವ ಜುಲೈನಲ್ಲೂ
ಅವನ ಹಾಳೆಯ ಮೇಲೆ ಒಂದು ಅಲ್ಪವಿರಾಮ ಬೆವರುವುದಿಲ್ಲ.
ಗ್ಲಾಸ್ಗೋದ ಡೂಗಲ್, ಹುಟ್ಟಿದ್ದೇ ಆ ಭಾಷೆಯೊಳಗೆ,
ವಾಕಿಟಾಕಿಯಲ್ಲಿ ಗುಡುಗಿದರೆ
ಕ್ರೇನಿನವನು ನನ್ನ ಮುಖ ನೋಡುತ್ತಾನೆ,
ನಾನು ವೌಟರನ ಮುಖ.
ಅವನು ಅದನ್ನು ಇಂಗ್ಲಿಷಿನಿಂದ ಇಂಗ್ಲಿಷಿಗೆ
ಅನುವಾದಿಸಿ ಕೊಡುತ್ತಾನೆ.

ಹೇಗೆ ಕಲಿತೆ ಮಾರಾಯ, ಎಂದರೆ ಭುಜ ಕುಣಿಸುತ್ತಾನೆ:
ಟೀವಿ. ಅದರಡಿ ಓಡುವ ಅಕ್ಷರ. ಹೊರಗೆ ಸದಾ ಮಳೆ.
ನಾನು ಕಲಿತದ್ದು ಭಾಗೀರಥಿ ಟೀಚರ ಅಡಿಕೋಲಿನಿಂದ;
ಹ್ಯಾಸ್ ಇರಬೇಕಾದಲ್ಲಿ ಹ್ಯಾವ್ ಬಂದರೆ
ಈಗಲೂ ಗಿಣ್ಣು ಚುರ್ ಎನ್ನುತ್ತದೆ.

ವಿಮೆಯ ಓರ್ನೆಲ್ಲಾ ಇಟಲಿಯವಳು. ಯಾವ ಪದವನ್ನೂ
ಬರಿಗೈಲಿ ಕಳಿಸುವವಳಲ್ಲ,
ಕೊನೆಗೊಂದು ಸ್ವರದ ಬುತ್ತಿ ಕಟ್ಟುತ್ತಾಳೆ.
ಬಸ್ಸು, ಕಾರು, ಬಿಲ್ಲು ಎನ್ನುವ ನನಗೆ
ಅವಳ ಶಿಪ್ಪ, ಅವಳ ಡಾಕ್ಕ ಕೇಳಿ
ದೊಡ್ಡಮ್ಮನ ಮಗಳು ಸಿಕ್ಕ ಹಾಗೆ.

ಆ ರಾತ್ರಿ ಲೆಕ್ಕ ತಾಳೆಯಾಗಲಿಲ್ಲ.
ನನ್ನ ಪಟ್ಟಿಯಲ್ಲಿ ಇಪ್ಪತ್ತನಾಲ್ಕು ಪೆಟ್ಟಿಗೆ,
ಅವನದರಲ್ಲಿ ನಲವತ್ತೆರಡು.
ಇಬ್ಬರೂ ಟಾರ್ಚು ಹಿಡಿದು ಮತ್ತೆ ಮೊದಲಿಂದ.
ಗಾಳಿ ಬಿದ್ದ ಹೊತ್ತು. ಅವನ ತುಟಿ ಕೇಳಿಸಿತು:
ಇಂಗ್ಲಿಷಲ್ಲ,
ಗಂಟಲಲ್ಲಿ ಜಲ್ಲಿ ಹೊರಳಿದ ಹಾಗೆ ಇನ್ನೇನೋ.
‘ನಾಲ್ಕು-ಮತ್ತೆ-ಇಪ್ಪತ್ತು’, ಎಂದ ಆಮೇಲೆ, ಕಿವಿ ಕೆಂಪಾಗಿ,
‘ನಮ್ಮಲ್ಲಿ ಚಿಲ್ಲರೆ ಮೊದಲು, ನೋಟು ಆಮೇಲೆ.’
ಅಷ್ಟು ಇಂಗ್ಲಿಷಿನ ಅಡಿಯಲ್ಲಿ
ಒಂದನೇ ಕ್ಲಾಸಿನ ಹುಡುಗ ಇನ್ನೂ ಬೆರಳು ಮಡಚುತ್ತಿದ್ದ.

ನೀನು ಯಾವುದರಲ್ಲಿ? ಎಂದ.
ಹೇಳಲೋ ಬೇಡವೋ.
ಸಾಣಿಕಟ್ಟೆಯ ಆಗರದಲ್ಲಿ ಉಪ್ಪು ಅಳೆಯುವಾಗ ಅಜ್ಜ
ಒಂದು ಎಂದವನೇ ಅಲ್ಲ. ಮೊದಲ ಕೊಳಗ ಲಾಭ,
ಆಮೇಲೆ ಎರಡು, ಮೂರು.
ಉಪ್ಪು ನನ್ನದಲ್ಲ, ಹಡಗು ನನ್ನದಲ್ಲ, ಲಾಭ ಯಾರದೋ,
ಆದರೂ ಹದಿನೇಳು ವರ್ಷದಿಂದ
ಪ್ರತಿ ಹಡಗಿನ ಮೊದಲ ಪೆಟ್ಟಿಗೆಗೆ
ಒಳಗೊಳಗೇ ಅದನ್ನೇ ಅನ್ನುತ್ತೇನೆ.

ಪ್ರಾಫಿಟ್? ಎಂದ. ಅಲ್ಲ, ಎಂದೆ.
ಗೇನ್? ಅಲ್ಲ.
ಅವನಿಗೆ ಮುಂದಿನ ಪದ ಸಿಗದೆ ಹೋದದ್ದನ್ನು
ನಾನು ನೋಡಿದ್ದು ಅದೇ ಮೊದಲು.
ಸ್ವಲ್ಪ ಹೊತ್ತು ನಿಂತ. ಆಮೇಲೆ ಟಾರ್ಚನ್ನು
ಮೊದಲ ಪೆಟ್ಟಿಗೆಗೆ ಹಿಡಿದು ‘ಲಾಬ’ ಎಂದ.
ಮಹಾಪ್ರಾಣವಿಲ್ಲ. ತಿದ್ದಲು ಬಾಯಿ ತೆರೆದೆ;
ಅಜ್ಜನೂ ಹಾಗೇ ಅನ್ನುತ್ತಿದ್ದುದು ನೆನಪಾಗಿ
ಎರಡು, ಎಂದೆ.