ಮುಳ್ಳು ರಾಜಗಿರಿ

ಶಹಾಬಾದಿನ ಈ ಖಣಿ ಬಂದಾಗಿ ಆರು ವರ್ಷ.
ಫರಸಿ ಎಣಿಸಿ ಚೀಟಿ ಬರೀತಿದ್ದ ನಾನು
ಈಗ ಬರೀ ಹೊಂಡ ಕಾಯ್ತೀನಿ.
ಹಸಿರು ನೀರು, ತುಕ್ಕು ಹಿಡದ ಕ್ರೇನು,
ದಂಡಿಗುಂಟ ಮನಿ ಎತ್ತರ ಮಣ್ಣಿನ ಗುಡ್ಡಿ.

ಕಲ್ಲು ಬೇಕಂತ ಕೆದರಿ ಒಗದ ಮಣ್ಣದು,
ಆಡು ಸೈತ ಹೊಳ್ಳಿ ನೋಡ್ತಿರಲಿಲ್ಲ.
ಬಂದಾದ ವರ್ಷ ಮಿರಗದ ಎರಡು ಮಳಿ ಬಿದ್ದು
ಮ್ಯಾಲೆಲ್ಲ ಕೆಂಪು ದಂಟು.
"ಎಲ್ಲಿಂದ ಬಂತವ್ವ ಇದು?" ಅಂದೆ.
ಸಾಬಮ್ಮ ನಕ್ಕಳು.
"ಬಂದಿಲ್ಲಪ್ಪ, ಎದ್ದದ.
ನಮ್ಮತ್ತಿ ಇಲ್ಲಿ ಜ್ವಾಳ ಬಿತ್ತತಿದ್ದಳು.
ಆಕಿ ಸದಿ ತಗದು ತಗದು ಸೋತಳು,
ಇದು ಸೋಲಲಿಲ್ಲ."

ಸಾಸಿವಿಗಿಂತ ಸಣ್ಣ ಕರಿ ಬೀಜ.
ಇಪ್ಪತ್ತು ವರ್ಷ ಚೂರುಗಲ್ಲಿನ ಕೆಳಗ
ಕತ್ತಲದಾಗ ಉಸಿರು ಹಿಡಕೊಂಡು ಕುಂತದ್ದು.
ಪಗಾರಿಲ್ಲದ ಇಂಥ ಹಾಜರಿ
ನನ್ನ ಪುಸ್ತಕದಾಗ ಯಾರದೂ ಇಲ್ಲ.

ನಡುಹಗಲು ಫರಸಿ ಕಾದು ಹಂಚಾದಾಗ
ಉಳಿದ ಗಿಡ ಎಲಿ ಜೋಲ ಬಿಡ್ತಾವ,
ಇದು ಬಿಸಲಿಗಿ ಮಾರಿ ಕೊಟ್ಟು ದುಡೀತದ.
ಹಾರಿ ಹಾಕಿದ್ರೂ ಬಿರೀದ ಮಣ್ಣಿನಾಗ
ಬೇರಿಗಿ ಎಲ್ಲೋ ಒಂದು ಸಂದಿ ಸಿಗ್ತದ.
ಆಳದ ಸಾರ ಮ್ಯಾಲ ಎಳೀತದ,
ಎಲಿ ಉದುರಿಸಿ ಮಣ್ಣಿಗಿ ತಿನ್ನಸ್ತದ.

"ಎಲಿ ತುಂಬ ತೂತು, ಇದನ್ನೇ ಒಯ್ತೀಯಲ್ಲ?"
"ಹುಳ ತಿಂದದ ಅಂದ್ರ ಎಣ್ಣಿ ಹೊಡದಿಲ್ಲ.
ಇಲ್ಲಿ ಹೊಟ್ಟಿ ತುಂಬಿದ್ದು
ಬಾಜೂ ತೊಗರಿಗಿ ಯಾಕ ಹೋಗ್ತದ, ಹೇಳು?"
ಮುಳ್ಳು ತಪ್ಪಿಸಿ ಕುಡಿ ಚಿವುಟಿ
ಉಡಿ ತುಂಬಕೋತಾಳ.
ಗುಂಪಿಗೊಂದು ಗಿಡ ಹಾಂಗೇ ಬಿಡ್ತಾಳ.

ದೀಪಾವಳಿ ಮುಂದ ಆ ಬಿಟ್ಟ ಗಿಡಕ್ಕ
ಗುಬ್ಬಿಗಿಂತ ಸಣ್ಣ ಹಕ್ಕಿ ಇಳೀತಾವ.
ತೆನಿ ಬಾಗ್ತದ, ಬೀಜ ಉದುರತಾವ.
ಎಣಿಸೂದು ನನ್ನ ಹಳೀ ಚಟ.
ನಲವತ್ತೊಂದು.
ಚೀಟಿ ಬರೀಲಿಲ್ಲ.

ಹೋದ ವರ್ಷ ರಸ್ತಾದ ಕೆಲಸಕ್ಕ ಜೆಸಿಬಿ ಬಂತು.
ಅರ್ಧ ಗುಡ್ಡಿ ಟಿಪ್ಪರಿನಾಗ ಹೋಯ್ತು.
ಸಾಬಮ್ಮಗ ಹ್ಯಾಂಗ ಹೇಳ್ಲಿ ಅಂತ ಹೆದರಿದ್ದೆ.
ಆಕಿ ಕೇಳಿದ್ದು ಇಷ್ಟೇ:
"ಮಣ್ಣು ಎಲ್ಲಿಗಿ ಒಯ್ದರು?"
ಈ ಸಲದ ಮಿರಗಕ್ಕ ವಾಡಿ ರಸ್ತಾದ
ಎರಡೂ ದಂಡಿಗಿ ಕೆಂಪು ದಂಟು.
ಬಿತ್ತಿದವ ಬಿಲ್ಲು ತಗೊಂಡು ಎಂದೋ ಹೋಗ್ಯಾನ.

ಉಳಿದ ಅರ್ಧದ ಮ್ಯಾಲ ಈಗ ಕರಕಿ ಹಬ್ಬ್ಯದ.
ತರವಾಡ ಹಳದಿ ಹೂ ಬಿಟ್ಟದ,
ಮೊಣಕಾಲೆತ್ತರದ ಬೇವು ಎರಡು ಅವ.
ರಾಜಗಿರಿ ಹುಡುಕಿದ್ರೂ ಇಲ್ಲ.
ಹಾಸಗಿ ಹಾಸಿಕೊಟ್ಟು
ಬ್ಯಾರೇದವರಿಗಿ ಮಲಗ್ಲಾಕ ಹೇಳಿ
ಎದ್ದು ಹೋಗ್ಯದ ಅಂತೀನಿ.
ಹೋಗಿಲ್ಲ. ಕೆಳಗ ಕುಂತಿರಬೇಕು,
ಮುಂದಿನ ಜೆಸಿಬಿ ತನಕ.

ಮಾಲಕರು ತಿಂಗಳಿಗೊಮ್ಮೆ ಫೋನ್ ಹಚ್ಚತಾರ:
"ಖಣಿಯಾಗ ಏನರ ಉಳದದೇನೋ?"
"ಏನೂ ಇಲ್ರೀ" ಅಂತೀನಿ,
ಮಧ್ಯಾಹ್ನ ಸಾಬಮ್ಮ ಕೊಟ್ಟ ರೊಟ್ಟಿ ಪಲ್ಲ್ಯಾದ
ಒಂದು ಕರಿ ಬೀಜ ಹಲ್ಲಿನ ಸಂದಿಯಾಗ ಸಿಕ್ಕದ,
ಅದನ್ನ ನಾಲಿಗಿಲೆ ತಡಕೋತ.